ಚಿನ್ನ ಹೋಯಿತು, ಊರು ಉಳಿಯಿತು
(ಧನಗೆರೆಯಲ್ಲಿ ಭಾನುವಾರ ಸಂಜೆ ಸೇರಿದ್ದ ಗಿರಣಿ ಕೆಲಸಗಾರರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಸಂಜೆ ಕೋಲಾರದ ಚಿನ್ನದ ಗಣಿಯ ಊರಿನ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕೆ.ಜಿ.ಎಫ್. ಎಂದ ಕೂಡಲೆ ನಮ್ಮ ಹುಡುಗರಿಗೆ ಸಿನಿಮಾ ನೆನಪಾಗುತ್ತದೆ. ನಾನು ಹೇಳುವುದು ಸಿನಿಮಾದ ಕತೆಯಲ್ಲ. ಅಲ್ಲಿ ನಿಜವಾಗಿ ಬದುಕಿದ, ಇವತ್ತೂ ಬದುಕುತ್ತಿರುವ ಜನರ ಕತೆ. "ಧನಗೆರೆಗೂ ಕೋಲಾರಕ್ಕೂ ಏನಪ್ಪಾ ನಂಟು?" ಎಂದು ನೀವು ಕೇಳಬಹುದು. ನಂಟು ಇದೆ, ಅದೂ ನಮ್ಮ ಹೊಳೆಯ ನೀರಿನ ನಂಟು.

ನಾನು ಮೇಷ್ಟ್ರಾಗಿದ್ದ ಕಾಲದಲ್ಲಿ ಒಂದು ದಿನ ಮಕ್ಕಳಿಗೆ ಶಿವನಸಮುದ್ರದ ಪಾಠ ಹೇಳುತ್ತಿದ್ದೆ. 1902ನೆಯ ಇಸವಿ ಜೂನ್ 30ರಂದು ಅಲ್ಲಿ ತಯಾರಾದ ವಿದ್ಯುಚ್ಛಕ್ತಿ 92 ಮೈಲಿ ದೂರದ ಕೋಲಾರದ ಗಣಿಗಳನ್ನು ಮುಟ್ಟಿತು. ಅಷ್ಟು ಉದ್ದದ ವಿದ್ಯುತ್ ತಂತಿ ಆಗ ಪ್ರಪಂಚದಲ್ಲೇ ಅಪರೂಪ. ದಿವಾನ್ ಶೇಷಾದ್ರಿ ಅಯ್ಯರ್ ಅವರು ಕೈಗೆತ್ತಿಕೊಂಡ ಕೆಲಸ, ಅದು ಮುಗಿದದ್ದನ್ನು ನೋಡಲು ಅವರು ಬದುಕಿರಲಿಲ್ಲ - ಇಷ್ಟನ್ನೂ ಹೇಳಿ ಮುಗಿಸಿದೆ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ ಎದ್ದು ನಿಂತು, "ಮೇಷ್ಟ್ರೇ, ಕರೆಂಟು ಕೋಲಾರಕ್ಕೆ ಹೋಯ್ತು, ಸರಿ. ಆ ಚಿನ್ನ ಎಲ್ಲಿಗೆ ಹೋಯ್ತು?" ಎಂದು ಕೇಳಿದ. ತರಗತಿಯಲ್ಲಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಪಾಠದ ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಆ ಹುಡುಗನ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ನಾನು ಮೇಷ್ಟ್ರ ಕೆಲಸ ಬಿಟ್ಟು ಈ ಕೆಲಸಕ್ಕೆ ಬಂದೆ ಎಂದರೂ ತಪ್ಪಾಗಲಾರದು.

ಮೊದಲು ಆ ಊರು ಹುಟ್ಟಿದ ಬಗೆಯನ್ನು ನೋಡೋಣ. ಅದು ಮಳೆ ಕಡಮೆಯಾದ, ಕಲ್ಲು ಮುಳ್ಳಿನ ನೆಲ. ಊರಿಗಾಂ, ಮಾರಿಕುಪ್ಪಂ ಮೊದಲಾದ ಹಳ್ಳಿಗಳ ಬಡವರು ತಲೆತಲಾಂತರದಿಂದ ಮಣ್ಣು ತೊಳೆದು ಚೂರುಪಾರು ಚಿನ್ನ ತೆಗೆಯುತ್ತಿದ್ದರು. 1802ರಲ್ಲಿ ವಾರನ್ ಎಂಬ ಆಂಗ್ಲ ಸೈನ್ಯಾಧಿಕಾರಿ ಇದನ್ನು ಕಣ್ಣಾರೆ ಕಂಡ. ಎಪ್ಪತ್ತು ವರ್ಷಗಳ ಮೇಲೆ ಲಾವೆಲ್ ಎಂಬ ನಿವೃತ್ತ ಸಿಪಾಯಿ ಮೈಸೂರು ಸರ್ಕಾರದಿಂದ ಅಗೆಯುವ ಪರವಾನಗಿ ಪಡೆದ. ಬೆಂಗಳೂರಿನ ಲಾವೆಲ್ ರಸ್ತೆಗೆ ಇವನದೇ ಹೆಸರು. ಒಬ್ಬನ ಕೈಯಲ್ಲಿ ಆಗುವ ಕೆಲಸ ಅದಾಗಿರಲಿಲ್ಲ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು. ಆಮೇಲೆ ಮೈಸೂರು ಗಣಿ, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಬಾಲಘಾಟ್ ಎಂದು ಒಂದರ ಮೇಲೊಂದು ಗಣಿ ತೆರೆದುವು.

ಗೆಳೆಯರೇ, ಇಲ್ಲೊಂದು ವಿಷಯವನ್ನು ಗಮನಿಸಿ. ಚಿನ್ನ ಸಿಕ್ಕಿತೆಂದ ಮೇಲೆ ಸರ್ಕಾರಕ್ಕೂ ಕಂಪನಿಗೂ ಯಾವ ಕೆಲಸವೂ ಕಷ್ಟವೆನಿಸಲಿಲ್ಲ. 1894ರ ಹೊತ್ತಿಗೆ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಕ್ಕೆ ಹತ್ತು ಮೈಲಿಯ ರೈಲು ಬಂತು. ಬೇತಮಂಗಲದಲ್ಲಿ ಪಾಲಾರ್ ನೀರನ್ನು ಶುದ್ಧಿ ಮಾಡಿ ಗಣಿಗೆ ಒದಗಿಸಿದರು. 92 ಮೈಲಿ ತಂತಿ ಎಳೆದು ನಮ್ಮ ಕಾವೇರಿಯ ಬಲವನ್ನು ಅಲ್ಲಿಗೆ ಮುಟ್ಟಿಸಿದರು. ಬೇಸಗೆಯಲ್ಲಿ ಹೊಳೆ ಸೊರಗಿ ಗಣಿಯ ಯಂತ್ರ ನಿಲ್ಲಬಾರದು ಎಂಬುದು ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ ಕಾರಣಗಳಲ್ಲಿ ಒಂದು. ಬೆಂಗಳೂರು ಪಟ್ಟಣಕ್ಕೆ ವಿದ್ಯುತ್ ದೀಪ ಬಂದದ್ದೇ 1905ರಲ್ಲಿ, ಗಣಿಗೆ ಹೋದ ಮೂರು ವರ್ಷಗಳ ಮೇಲೆ. ಹೊಳೆಯ ದಡದಲ್ಲಿದ್ದ ನಮ್ಮ ಹಳ್ಳಿಗಳು ಎಷ್ಟೋ ದಶಕ ಬುಡ್ಡಿ ದೀಪದಲ್ಲೇ ಕಳೆದುವು. ಆಗ ಕೊಳ್ಳೇಗಾಲ ಮದರಾಸು ಪ್ರಾಂತಕ್ಕೆ ಸೇರಿತ್ತು, 1956ರಲ್ಲಷ್ಟೇ ಮೈಸೂರು ರಾಜ್ಯಕ್ಕೆ ಬಂತು ಎಂದು ಕೆಲವರು ಸಮಾಧಾನ ಹೇಳಬಹುದು. ಆದರೆ ಮೈಸೂರು ಸೀಮೆಗೇ ಸೇರಿದ್ದ ಆಚೆ ದಡದ ಹಳ್ಳಿಗಳೂ ಕತ್ತಲಲ್ಲೇ ಇದ್ದುವಲ್ಲ!

ಇನ್ನು ಅಲ್ಲಿ ದುಡಿದವರು ಯಾರು? ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯ ಭೂಮಿಯಿಲ್ಲದ ಬಡವರು, ಬಹುಪಾಲು ಹೊಲೆಗೇರಿಗಳಿಂದ ಬಂದವರು. ಊರಿನಲ್ಲಿ ಗೌಡನ ಜೀತ, ಇಲ್ಲಿ ಕಂಪನಿಯ ಕೂಲಿ. ಆದರೂ ಕೂಲಿ ಕಾಸಿನ ರೂಪದಲ್ಲಿ ಕೈಗೆ ಬರುತ್ತಿತ್ತು, ಎಂತಲೇ ಬಂದರು. ಅವರಿಗೆ ಕಂಪನಿ ಕೊಟ್ಟದ್ದು ಸಾಲು ಸಾಲಾದ ತಟ್ಟಿ ಗುಡಿಸಲು. ಅದಕ್ಕೆ 'ಲೈನು' ಎಂದು ಹೆಸರು. ದೊರೆಗಳಿಗೆ ಗುಡ್ಡದ ಮೇಲೆ ಬಂಗಲೆ, ಹೂದೋಟ, ಕ್ಲಬ್ಬು, ಗಾಲ್ಫ್ ಮೈದಾನ. ಆ ಕಾಲದ ಪರಂಗಿಯವರು ಆ ಊರನ್ನು 'ಪುಟ್ಟ ಇಂಗ್ಲೆಂಡ್' ಎನ್ನುತ್ತಿದ್ದರು. ಅದೇ ಪುಟ್ಟ ಇಂಗ್ಲೆಂಡಿನ ಕೆಳಗೆ, ಮೂರು ಕಿಲೋಮೀಟರಿಗೂ ಮೀರಿದ ಆಳದಲ್ಲಿ, ಬೆಂಕಿಯಂಥ ಸೆಕೆಯಲ್ಲಿ, ನಮ್ಮ ಜನ ಕಲ್ಲು ಒಡೆಯುತ್ತಿದ್ದರು. ಬಂಡೆ ಸಿಡಿದು ಸತ್ತವರು ಎಷ್ಟೋ. ಕಲ್ಲಿನ ಧೂಳು ಕುಡಿದು, ಎದೆ ಗಟ್ಟಿಯಾಗಿ, ಮನೆಯಲ್ಲಿ ಕೆಮ್ಮಿ ಸತ್ತವರು ಇನ್ನೆಷ್ಟೋ.

ಈ ಜನ ಬಾಯಿ ಮುಚ್ಚಿಕೊಂಡು ಇರಲಿಲ್ಲ. 1930ರಲ್ಲಿ ಪ್ರತಿ ಕೆಲಸಗಾರನ ಬೆರಳಚ್ಚು ತೆಗೆಯಬೇಕೆಂದು ಕಂಪನಿ ಹೊರಟಾಗ, "ನಾವೇನು ಕಳ್ಳರೇ?" ಎಂದು ಇಡೀ ಊರು ಸುಮಾರು ಮೂರು ವಾರ ಕೆಲಸ ನಿಲ್ಲಿಸಿತು. ಆಗ ಹೇಳಿಕೊಳ್ಳುವಂಥ ಕಾರ್ಮಿಕ ಸಂಘವೂ ಇರಲಿಲ್ಲ. ಮುಂದೆ ಸಂಘಗಳು ಬಂದುವು, ದೊಡ್ಡ ಮುಷ್ಕರಗಳು ನಡೆದುವು. 1946ರ ನವೆಂಬರಿನಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಕೂಲಿ, ಮನೆ, ಆಸ್ಪತ್ರೆ, ಶಾಲೆ - ಏನು ಸಿಕ್ಕಿತೋ ಅದೆಲ್ಲ ಹೀಗೆ ಸಿಕ್ಕಿತು. ಯಾರೂ ದಾನ ಕೊಟ್ಟದ್ದಲ್ಲ.

ಗಣಿಯ ಸುತ್ತ ಪೇಟೆಯೂ ಬೆಳೆಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನೇರವಾದ ಬೀದಿಗಳನ್ನು ಹಾಕಿ ರಾಬರ್ಟ್‌ಸನ್‌ಪೇಟೆಯನ್ನು ಕಟ್ಟಿದರು, ಆಂಡರ್ಸನ್‌ಪೇಟೆಯೂ ಎದ್ದಿತು. ಈ ಸಭೆಯಲ್ಲಿರುವ ಅಂಗಡಿಯವರು ಇದನ್ನು ಚೆನ್ನಾಗಿ ಬಲ್ಲಿರಿ: ಕೂಲಿ ಬಟವಾಡೆಯಾಗುವ ಕಡೆ ಅಂಗಡಿ ತಾನಾಗಿ ಹುಟ್ಟುತ್ತದೆ. ದಿನಸಿಯವರು, ಜವಳಿಯವರು, ದರ್ಜಿಗಳು, ಲೇವಾದೇವಿಯವರು ಬಂದರು. ತಮಿಳು, ತೆಲುಗು, ಕನ್ನಡ, ಉರ್ದು - ನಾಲ್ಕೂ ಭಾಷೆ ಒಂದೇ ಅಂಗಡಿಯ ಕಟ್ಟೆಯ ಮೇಲೆ ಕೇಳುವ ಊರು ಅದಾಯಿತು. ಕಂಪನಿ ಕಟ್ಟಿದ್ದು ಗಣಿಯನ್ನು. ಊರನ್ನು ಕಟ್ಟಿದವರು ಕೂಲಿಕಾರರೂ ಸಣ್ಣ ವ್ಯಾಪಾರಿಗಳೂ ಸೇರಿ. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಇದೇ ಮುಖ್ಯವಾಗುತ್ತದೆ.

ಹಾಗಾದರೆ ಚಿನ್ನ ಎಲ್ಲಿಗೆ ಹೋಯಿತು? ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಆ ನೆಲದಿಂದ ಬಂತು. ಕಂಪನಿಯ ಕಾಲದಲ್ಲಿ ಬಹುಪಾಲು ಹಡಗು ಹತ್ತಿತು. ಲಾಭಾಂಶ ಲಂಡನ್ನಿನ ಷೇರುದಾರರಿಗೆ ಹೋಯಿತು. ಮೈಸೂರು ಸರ್ಕಾರದ ಬೊಕ್ಕಸಕ್ಕೆ ರಾಜಧನ ಬಂತು. ಅಗೆದವನಿಗೆ ಕೂಲಿ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. 1962ರಲ್ಲಿ ಅವು ಕೇಂದ್ರದ ಕೈಗೆ ಹೋದುವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪನಿ ಆಯಿತು. ಆ ಹೊತ್ತಿಗೆ ಒಳ್ಳೆಯ ಅದಿರು ತೀರುತ್ತ ಬಂದಿತ್ತು. ಮೊದಮೊದಲು ಒಂದು ಟನ್ ಕಲ್ಲಿಗೆ ನಲವತ್ತು ಗ್ರಾಂ ಮೀರಿ ಸಿಗುತ್ತಿದ್ದ ಚಿನ್ನ ಕೊನೆಗೆ ಕೆಲವೇ ಗ್ರಾಮಿಗೆ ಇಳಿಯಿತು. ಆಳ ಹೆಚ್ಚಿದಂತೆ ಖರ್ಚೂ ಹೆಚ್ಚಿತು. ರಾಷ್ಟ್ರೀಕರಣವಾದ ಮೇಲೆ ಬಹುಕಾಲ ಚಿನ್ನವನ್ನು ನಮ್ಮ ಪೇಟೆಯ ಬೆಲೆಗಲ್ಲ, ಅದಕ್ಕಿಂತ ತೀರ ಕಡಮೆಯಾಗಿದ್ದ ಅಂತಾರಾಷ್ಟ್ರೀಯ ಬೆಲೆಗೆ ಸರ್ಕಾರಕ್ಕೇ ಒಪ್ಪಿಸಬೇಕಾಗಿತ್ತು. ನೂರು ರೂಪಾಯಿಯ ಮಾಲನ್ನು ಅರ್ಧ ಬೆಲೆಗೆ ಮಾರಿಸಿ, ಆಮೇಲೆ "ನಿಮ್ಮ ಅಂಗಡಿ ನಷ್ಟದಲ್ಲಿದೆ" ಎಂದರೆ ನಮ್ಮ ಶೆಟ್ಟರು ಒಪ್ಪುತ್ತಾರೆಯೇ? ಗಣಿ ನಷ್ಟದಲ್ಲಿದೆ ಎಂಬ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಆ ನಷ್ಟ ಎಲ್ಲವೂ ಕೆಲಸಗಾರನ ಕೈಯಿಂದ ಬಂದದ್ದಲ್ಲ.

2001ನೆಯ ಇಸವಿ ಫೆಬ್ರವರಿ 28ರಂದು ಗಣಿ ಮುಚ್ಚಿದರು. ಉಳಿದಿದ್ದ ಮೂರು ಸಾವಿರಕ್ಕೂ ಮೀರಿದ ಕೆಲಸಗಾರರು ಮನೆಗೆ ಹೋದರು. ಎಲ್ಲರೂ ಏನೆಂದುಕೊಂಡರು? "ಗಣಿ ಸತ್ತಿತು, ಇನ್ನು ಊರೂ ಸಾಯುತ್ತದೆ" ಎಂದು. ಆದರೆ ಊರು ಸಾಯಲಿಲ್ಲ. 2011ರ ಜನಗಣತಿಯಲ್ಲಿ ಆ ನಗರಸಭೆಯ ಜನಸಂಖ್ಯೆ 1 ಲಕ್ಷ 60 ಸಾವಿರವನ್ನು ದಾಟಿತ್ತು. ಇವತ್ತು ಅದು ಒಂದು ತಾಲ್ಲೂಕಿನ ಕೇಂದ್ರ. ಹಾಗಾದರೆ ಅವರು ಏನು ತಿಂದು ಬದುಕಿದರು?

ಇದನ್ನು ನೋಡಿ ಬರೋಣವೆಂದು ನಾನು ಅಲ್ಲಿಗೆ ಹೋಗಿದ್ದೆ. ಪರಿಚಯದವರ ಮನೆಯಲ್ಲಿ ರಾತ್ರಿ ಉಳಿದೆ. ಹಳೆಯ ಲೈನಿನ ಮನೆ; ಎರಡು ಕೋಣೆ, ತಗ್ಗಾದ ಮಾಡು. ಮನೆಯ ಹಿರಿಯರು ಗಣಿಯಲ್ಲಿ ಇಳಿದವರು, ಮಗ ಬೆಂಗಳೂರಿನಲ್ಲಿ ಕಾವಲುಗಾರ, ಸೊಸೆ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವವಳು. ಬೆಳಕು ಹರಿಯುವ ಮೊದಲೇ ಒಲೆ ಹತ್ತಿತು; ಬುತ್ತಿ ಕಟ್ಟಿದರು; ಮಲಗಿದ್ದ ಮಗುವನ್ನು ಅಜ್ಜಿಯ ಪಕ್ಕಕ್ಕೆ ಸರಿಸಿ ಇಬ್ಬರೂ ಸ್ಟೇಷನ್ನಿಗೆ ಓಡಿದರು. ನಾನೂ ಹಿಂದೆಯೇ ಹೋದೆ. ಅಂದು ಚಿನ್ನ ಸಾಗಿಸಲು ಹಾಕಿದ ಅದೇ ರೈಲು ದಾರಿ ಇಂದು ಮನುಷ್ಯರನ್ನು ಸಾಗಿಸುತ್ತಿದೆ. ಸಾವಿರಾರು ಜನ - ಗಾರೆ ಕೆಲಸದವರು, ದಾದಿಯರು, ಗುಮಾಸ್ತರು, ಕಂಪ್ಯೂಟರ್ ಕಲಿತ ಹುಡುಗರು - ಬಂಡಿಯ ಬಾಗಿಲಲ್ಲಿ ಜೋತುಬಿದ್ದು ಬೆಂಗಳೂರಿಗೆ ಹೋಗುತ್ತಾರೆ. ಹೋಗಲು ಎರಡು ಗಂಟೆಗೂ ಮೇಲೆ, ಬರಲು ಅಷ್ಟೇ. ಹಿಂದೆ ತಾತ ನೆಲದೊಳಕ್ಕೆ ಇಳಿದು ಸಂಜೆ ಮೇಲೆ ಬರುತ್ತಿದ್ದ. ಈಗ ಮೊಮ್ಮಗ ಬೆಂಗಳೂರಿಗೆ ಇಳಿದು ರಾತ್ರಿ ಮೇಲೆ ಬರುತ್ತಾನೆ. ಆ ಹಿರಿಯರೇ ನನಗೆ ಹೇಳಿದ ಮಾತಿದು: "ನಮಗೆ ಪಾಳಿ ಎಂಟು ಗಂಟೆ. ಇವರಿಗೆ ದಾರಿಯೂ ಸೇರಿ ಹದಿನಾಲ್ಕು ಗಂಟೆ. ಯಾರ ಗಣಿ ಆಳವಾದ್ದು ಹೇಳಪ್ಪ."

ಗಣಿಯ ಊರು ಹೀಗೆ ಬೆಂಗಳೂರಿನ ಹೊರಪೇಟೆಯಾಗಿದೆ. ಇದನ್ನು ಬೆಳವಣಿಗೆ ಎನ್ನಬೇಕೆ, ಬೇಡವೆ? ನಾನು ಎರಡೂ ಕಡೆಯ ಮಾತನ್ನೂ ಹೇಳುತ್ತೇನೆ.

ಒಳ್ಳೆಯದನ್ನು ಮೊದಲು ಹೇಳಬೇಕು. ಜನ ಚೆದುರಿ ಹೋಗಲಿಲ್ಲ. ಗಣಿಯ ಕಾಲದ ಶಾಲೆಗಳಲ್ಲಿ ಓದಿದ ಮಕ್ಕಳಿಗೆ ನಾಲ್ಕಾರು ಭಾಷೆ ಬರುತ್ತಿತ್ತು. ಎಲ್ಲಿ ಹೋದರೂ ಕೆಲಸ ಸಿಕ್ಕಿತು. 1964ರಲ್ಲಿ ಹುಟ್ಟಿದ ಭಾರತ್ ಅರ್ತ್ ಮೂವರ್ಸ್ ಕಾರ್ಖಾನೆ ಅಲ್ಲೇ ಇದ್ದುದರಿಂದ ಊರಿಗೆ ಇನ್ನೊಂದು ಆಧಾರವಿತ್ತು. ಇದಕ್ಕೆ ಹೋಲಿಸಿ ಕುದುರೆಮುಖವನ್ನು ನೋಡಿ. ಅಲ್ಲಿ ಕಾಡು ಉಳಿಯಬೇಕೆಂಬ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ಕಬ್ಬಿಣದ ಗಣಿ ನಿಂತಿತು. ಕಂಪನಿ ಕಟ್ಟಿಸಿದ ಚೆಂದದ ಊರು ಬರಿದಾಯಿತು. ಅಲ್ಲಿ ಕಂಪನಿಯ ಮನೆಗಳಿದ್ದುವು, ಪೇಟೆ ಇರಲಿಲ್ಲ, ರೈಲು ಇರಲಿಲ್ಲ, ಮೂರು ತಲೆಮಾರು ಬಾಳಿದ ಜನ ಇರಲಿಲ್ಲ. ಕೋಲಾರದ ಊರು ಉಳಿದದ್ದು ಚಿನ್ನದಿಂದಲ್ಲ. ಪೇಟೆ, ರೈಲು, ಶಾಲೆ ಮತ್ತು ಬೇರು ಬಿಟ್ಟ ಜನ - ಈ ನಾಲ್ಕರಿಂದ.

ಕೆಟ್ಟದ್ದು ಇನ್ನೊಂದು ಕಡೆ ಇದೆ. ಮೂರು ತಲೆಮಾರು ಬಾಳಿದ ಮನೆ ತನ್ನದೇ ಎಂದು ಹೇಳಲು ಕಾಗದವಿಲ್ಲದೆ ಗಣಿ ಕಾರ್ಮಿಕರ ಕುಟುಂಬಗಳು ವರ್ಷಗಟ್ಟಲೆ ಅಲೆದಿವೆ. ಅದಿರು ಅರೆದು ಚಿನ್ನ ತೆಗೆದ ಮೇಲೆ ಬಿಸಾಡಿದ ಮಣ್ಣು ಗುಡ್ಡ ಗುಡ್ಡವಾಗಿ ಊರ ನಡುವೆಯೇ ನಿಂತಿದೆ. ಜನ ಅದನ್ನು ಸಯನೈಡ್ ದಿಬ್ಬ ಎನ್ನುತ್ತಾರೆ. ಮೂರು ಕೋಟಿ ಟನ್ನಿಗೂ ಮೇಲಿದೆಯಂತೆ. ಗಾಳಿ ಬೀಸಿದರೆ ಆ ಬಿಳಿ ಧೂಳು ಅನ್ನದ ತಟ್ಟೆಗೆ ಬೀಳುತ್ತದೆ. ಗಣಿ ಮುಚ್ಚಿ ಹತ್ತು ವರ್ಷವಾದ ಮೇಲೂ ಅಲ್ಲಿ ಮಲ ಹೊರುವ ಪದ್ಧತಿ ಉಳಿದಿದೆ ಎಂದು 2011ರ ಸುಮಾರಿಗೆ ವರದಿಗಳು ಬಂದುವು. ಆಳವಾದ ಗಣಿಗೆ ಯಂತ್ರದ ತೊಟ್ಟಿಲು ಮಾಡಿದವರಿಗೆ ಬಡವನ ಮನೆಗೆ ಒಂದು ಒಳ್ಳೆಯ ಕಕ್ಕಸು ಮಾಡುವುದು ನೂರು ವರ್ಷವಾದರೂ ಆಗಲಿಲ್ಲ!

ಅಂಗಡಿಯವರ ಪಾಡನ್ನೂ ಹೇಳಬೇಕು. ಹಿಂದೆ ಊರಲ್ಲಿ ದುಡಿದ ಕಾಸು ಊರ ಪೇಟೆಯಲ್ಲೇ ಖರ್ಚಾಗುತ್ತಿತ್ತು. ಈಗ ದುಡಿಮೆ ಬೆಂಗಳೂರಿನಲ್ಲಿ. ದೊಡ್ಡ ಖರೀದಿಯೂ ಬೆಂಗಳೂರಿನಲ್ಲಿ. ಊರ ಅಂಗಡಿಗೆ ಉಳಿದದ್ದು ರಾತ್ರಿ ರೈಲಿಳಿದು ಬರುವವನ ಹಾಲು, ತರಕಾರಿ, ಸಾಲದ ಸೊಪ್ಪು. ಈಚೆಗೆ ಹೆದ್ದಾರಿ ಬಂತು, ನೆಲದ ಬೆಲೆ ಏರಿತು ಎಂದು ದಲ್ಲಾಳಿಗಳು ಕುಣಿಯುತ್ತಿದ್ದಾರೆ. ನೆಲ ಉಳ್ಳವನಿಗೆ ಬೆಲೆ ಏರಿದರೆ ಲಾಭ. ಬಾಡಿಗೆ ಅಂಗಡಿಯವನಿಗೆ ಬಾಡಿಗೆ ಏರುತ್ತದೆ, ಅಷ್ಟೆ. 2024ರಲ್ಲಿ ಆ ಮಣ್ಣಿನ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಯೋಜನೆಗೆ ರಾಜ್ಯ ಸರ್ಕಾರ ಒಪ್ಪಿತು. 13 ದಿಬ್ಬಗಳು, ಸಾವಿರ ಎಕರೆಗೂ ಮೇಲಿನ ನೆಲ. ಒಳ್ಳೆಯದು. ಆದರೆ ಹಿಂದಿನ ಸಲ ಕೇಳದೆ ಬಿಟ್ಟ ಪ್ರಶ್ನೆಯನ್ನು ಈ ಸಲವಾದರೂ ಮೊದಲೇ ಕೇಳಬೇಕು: ಚಿನ್ನ ಎಲ್ಲಿಗೆ ಹೋಗುತ್ತದೆ, ಧೂಳು ಎಲ್ಲಿ ಉಳಿಯುತ್ತದೆ?

ಗೆಳೆಯರೇ, ಈಗ ನಮ್ಮ ಕಡೆಗೆ ತಿರುಗೋಣ. ನಮ್ಮಲ್ಲಿ ಚಿನ್ನವಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಕರಿಕಲ್ಲಿದೆ. ಅದನ್ನು ಕೊಯ್ದು, ಲಾರಿಗೆ ಹೇರಿ, ಹಡಗು ಹತ್ತಿಸುತ್ತಾರೆ. ಹೊರದೇಶದ ಸಾಹುಕಾರರ ನೆಲಹಾಸಿಗೂ ಗೋರಿಗೂ ಅದು ಆಗುತ್ತದೆ. ನಮಗೆ ಉಳಿಯುವುದು ನೀರು ನಿಂತ ಗುಂಡಿ. 2022ರ ಮಾರ್ಚಿಯಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯಲ್ಲಿ ಕಲ್ಲುಗಣಿ ಕುಸಿದು ಕೂಲಿಕಾರರು ಸತ್ತದ್ದನ್ನು ನೀವು ಮರೆತಿಲ್ಲ. ನಮ್ಮಲ್ಲಿ ರೇಷ್ಮೆ ಇದೆ. ಕೊಳ್ಳೇಗಾಲದ ಮಗ್ಗದ ಸೀರೆಗೆ ಹೆಸರಿದೆ. ನೇಯುವವನ ಮಗ ಮಾತ್ರ ತಿರುಪೂರಿಗೋ ಬೆಂಗಳೂರಿಗೋ ಬಸ್ಸು ಹತ್ತುತ್ತಾನೆ. ಚಿನ್ನಕ್ಕಾಗಿ 1894ರಲ್ಲೇ ರೈಲು ಬಂತು. ರೇಷ್ಮೆಗಾಗಿ ಕೊಳ್ಳೇಗಾಲಕ್ಕೆ ಇವತ್ತಿನವರೆಗೂ ರೈಲು ಬಂದಿಲ್ಲ. ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಚಾಮರಾಜನಗರಕ್ಕೆ ರೈಲು ಎಂಬ ಮಾತು ದಶಕಗಳಿಂದ ಕಾಗದದಲ್ಲೇ ಓಡುತ್ತಿದೆ.

ಆದ್ದರಿಂದ ಕೋಲಾರದ ಕತೆಯಿಂದ ನಾವು ಕಲಿಯಬೇಕಾದ್ದು ಮೂರು.

ಒಂದು: ಗಣಿಯಾಗಲಿ ಗಿರಣಿಯಾಗಲಿ ನಡೆಯುತ್ತಿರುವಾಗಲೇ ಹಕ್ಕು ಕೇಳಬೇಕು. ಬಾಗಿಲು ಹಾಕಿದ ಮೇಲೆ ಕೇಳಿದರೆ ಬೀಗಕ್ಕೆ ಕಿವಿ ಇರುವುದಿಲ್ಲ. ಮನೆಯ ಹಕ್ಕುಪತ್ರ, ಭವಿಷ್ಯನಿಧಿ, ಧೂಳಿನ ರೋಗದ ತಪಾಸಣೆ - ಇವನ್ನು ಇವತ್ತೇ ಬರೆಸಿಕೊಳ್ಳಿ.

ಎರಡು: 2015ರಲ್ಲಿ ಗಣಿ ಕಾಯಿದೆಗೆ ತಿದ್ದುಪಡಿಯಾಗಿ ಜಿಲ್ಲಾ ಖನಿಜ ಪ್ರತಿಷ್ಠಾನ ಎಂಬುದು ಬಂದಿದೆ. ಗಣಿಯಿಂದ ತೊಂದರೆಗೆ ಒಳಗಾದ ಜನರ ನೀರು, ಶಾಲೆ, ಆರೋಗ್ಯಕ್ಕೆಂದೇ ಮೀಸಲಾದ ಹಣ ಅದು. ಕೋಲಾರದ ಗಣಿ ನಡೆಯುತ್ತಿದ್ದಾಗ ಇಂಥದೊಂದು ಇರಲಿಲ್ಲ. ನಮಗೆ ಇದೆ. ನಮ್ಮ ಜಿಲ್ಲೆಯಲ್ಲಿ ಎಷ್ಟು ಬಂತು, ಯಾವ ಊರಿಗೆ ಹೋಯಿತು ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿದವರು ನಮ್ಮಲ್ಲಿ ಎಷ್ಟು ಜನ? ಮುಂದಿನ ಗ್ರಾಮಸಭೆಯಲ್ಲಿ ನಾನು ಕೇಳುತ್ತೇನೆ. ಒಬ್ಬನೇ ಕೇಳಿದರೆ ತಗಾದೆಗಾರ ಎನ್ನುತ್ತಾರೆ. ನೂರು ಜನ ಕೇಳಿದರೆ ಲೆಕ್ಕ ಕೊಡುತ್ತಾರೆ.

ಮೂರು: ಕೆಲಸಗಾರನೂ ಅಂಗಡಿಯವನೂ ಬೇರೆ ಬೇರೆ ಎಂಬ ಭ್ರಮೆ ಬಿಡಬೇಕು. ಕೂಲಿ ಇಳಿದ ದಿನ ಗಲ್ಲಾಪೆಟ್ಟಿಗೆಯೂ ಇಳಿಯುತ್ತದೆ. ಮುಷ್ಕರದ ದಿನ ಅಕ್ಕಿ ಸಾಲ ಕೊಡುವ ಅಂಗಡಿಯವನು ತನ್ನ ಮುಂದಿನ ವರ್ಷದ ವ್ಯಾಪಾರವನ್ನೇ ಉಳಿಸಿಕೊಳ್ಳುತ್ತಿದ್ದಾನೆ.

ಕೊನೆಗೆ ಒಂದು ಮಾತು. ಆ ದಿನ ಪ್ರಶ್ನೆ ಕೇಳಿದ ಹುಡುಗ ಈಗ ಬೆಳೆದು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಹಬ್ಬಕ್ಕೆ ಬಂದಾಗ ಸಿಕ್ಕಿದ್ದ. "ಚಿನ್ನ ಎಲ್ಲಿಗೆ ಹೋಯ್ತು ಅಂತ ಗೊತ್ತಾಯ್ತಾ ಮೇಷ್ಟ್ರೇ?" ಎಂದು ನಗುತ್ತ ಕೇಳಿದ. "ಗೊತ್ತಾಯ್ತು ಕಣಪ್ಪಾ" ಎಂದೆ. "ಚಿನ್ನ ಹೋದ ದಾರಿಯಲ್ಲೇ ಈಗ ನೀನೂ ಹೋಗಿದ್ದೀಯೆ." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನಾದ್ರೂ ವಾಪಸ್ ಬರೋ ಹಂಗೆ ಏನಾದ್ರೂ ಮಾಡಿ" ಎಂದ.

ಅವನು ವಾಪಸು ಬರುವಂಥ ಊರನ್ನು ಕಟ್ಟುವುದು ನಮ್ಮ ಕೆಲಸ. ನಮ್ಮ ಹೊಳೆಯ ನೀರಿನಿಂದ ದೂರದ ನೆಲದಲ್ಲಿ ಒಂದು ಊರು ಎದ್ದಿತು. ಅದೇ ಹೊಳೆಯ ದಡದಲ್ಲಿ ನಮ್ಮ ಊರು ಏಳಲಾರದೆ?